ವಾಡೆಯನ್ನು ಮ್ಯೂಸಿಯಂ ಮಾಡಿದೆವು, ಗೋಡೆಗೆ ಒಂದು ಮೊಳೆಯನ್ನೂ ಹೊಡೆಯದೆ

ಸುರಪುರ ಸೀಮೆಯ ಒಂದು ಹಳ್ಳಿಯಲ್ಲಿ ಗೌಡರ ಹಳೆಯ ವಾಡೆ, ಅಂದರೆ ದೊಡ್ಡ ಮನೆ, ಇದೆ. ಅದರಲ್ಲಿ ಈಗ ನಮ್ಮ ಭಾಗದ ಪುರಾತತ್ವ ಮತ್ತು ಜನಜೀವನದ ಸಣ್ಣ ಮ್ಯೂಸಿಯಂ ನಡೆಯುತ್ತಿದೆ. ಮನೆಯವರೆಲ್ಲ ಕೆಲಸಕ್ಕೆಂದು ದೊಡ್ಡ ಊರುಗಳಿಗೆ ಹೋಗಿದ್ದರು. ಬೀಗದ ಕೈ ಕೊಟ್ಟು, "ಬೀಳದಂಗ ನೋಡ್ಕೊಳ್ರಿ ಸರ, ಅಷ್ಟು ಸಾಕು" ಎಂದರು. ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ಜೊತೆಗೆ ವಿದ್ಯಾರ್ಥಿಗಳು, ಊರಿನ ಒಬ್ಬ ಹಿರಿಯ ಗೌಂಡಿ, ಒಬ್ಬ ಬಡಿಗ ಇದ್ದರು. ದುಡ್ಡು ಜಾಸ್ತಿ ಇರಲಿಲ್ಲ. ಹೇಗೆ ಮಾಡಿದಿರಿ ಎಂದು ಬೇರೆ ಊರಿನವರು ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಶುರುವಿನಲ್ಲೇ ಒಂದು ನಿಯಮ ಮಾಡಿಕೊಂಡೆವು. ನಾಳೆ ಬಿಚ್ಚಿ ತೆಗೆಯಲು ಬಾರದ ಕೆಲಸವನ್ನು ಇಂದು ಮಾಡಬಾರದು. ಕಟ್ಟಡಕ್ಕೂ ಇದೇ, ವಸ್ತುವಿಗೂ ಇದೇ. ಈ ನಿಯಮದ ಹಿಂದೆ ಸನ್ನತಿಯ ಕಲ್ಲಿನ ನೆನಪಿದೆ. ಭೀಮಾ ದಂಡೆಯ ಸನ್ನತಿಯಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಮಾಳಿಗೆ 1986ರಲ್ಲಿ ಕುಸಿಯಿತು. ದೇವಿಯ ಮೂರ್ತಿ ನಿಂತಿದ್ದ ಪೀಠದ ಕಲ್ಲು ಆಗ ಬೆಳಕಿಗೆ ಬಂತು. ಅದು ಅಶೋಕನ ಶಾಸನ. ಎರಡೂ ಮೈಗೆ ಅಕ್ಷರ. ಮೂರ್ತಿಯನ್ನು ಕೂರಿಸಲು ಯಾವುದೋ ಕಾಲದಲ್ಲಿ ಅದರ ನಡುವೆ ತೂತು ಕೊರೆದಿದ್ದರು. ಅಲ್ಲಿದ್ದ ಅಕ್ಷರಗಳು ಹೋದವು. ಕೊರೆದವರು ಭಕ್ತಿಯಿಂದಲೇ ಕೊರೆದರು. ಪೂಜೆಯಲ್ಲಿದ್ದ ಕಾರಣಕ್ಕೇ ಆ ಕಲ್ಲು ಉಳಿಯಿತು ಎನ್ನುವುದೂ ನಿಜ. ಆದರೆ ಹೋದ ಅಕ್ಷರ ಮತ್ತೆ ಬರುವುದಿಲ್ಲ ಅಲ್ವಾ? ಈ ವಾಡೆಯಲ್ಲಿ ನಮಗೆ ಓದಲು ಬಾರದ್ದು ಏನೇನಿದೆಯೋ. ಮುಂದೆ ಬರುವವರಿಗೆ ಅದು ಸಿಗಬೇಕು.

ಕೆಲಸ ಶುರು ಮಾಡುವ ಮುಂಚೆ ಕಲಬುರಗಿ, ಬೀದರ್ ನೋಡಿ ಬಂದೆವು. ಹಳೆಯ ಕಟ್ಟಡದೊಳಗೆ ಮ್ಯೂಸಿಯಂ ಇಡುವುದು ನಮ್ಮ ಕಡೆ ಹೊಸದೇನಲ್ಲ. ಕಲಬುರಗಿಯಲ್ಲಿ ಸೇಡಂ ರಸ್ತೆಯ ಸರ್ಕಾರಿ ಮ್ಯೂಸಿಯಂ ಇರುವುದು ಬಹಮನಿ ಕಾಲದ ಎರಡು ಗುಮ್ಮಟಗಳಲ್ಲಿ. ಬೀದರ್ ಕೋಟೆಯಲ್ಲಿ ಲಾಲ್ ಬಾಗ್ ಪಕ್ಕದ ಶಾಹಿ ಹಮಾಮ್, ಅಂದರೆ ಅರಮನೆಯ ಸ್ನಾನದ ಮನೆ, ಈಗ ಮ್ಯೂಸಿಯಂ. ನಾನು ಅಲ್ಲಿ ವಸ್ತುಗಳಿಗಿಂತ ಜನರನ್ನೇ ಜಾಸ್ತಿ ನೋಡುತ್ತ ನಿಂತೆ. ಗುಮ್ಮಟದೊಳಗೆ ಕಾಲಿಟ್ಟವರು ಮೊದಲು ತಲೆ ಎತ್ತಿ ಮೇಲೆ ನೋಡುತ್ತಾರೆ. ಆಮೇಲೆ ಮೂರ್ತಿಗಳ ಕಡೆ ಬರುತ್ತಾರೆ. ಹಾಗಾದರೆ ಕಟ್ಟಡವೇ ಮೊದಲ ವಸ್ತು. ಅದಕ್ಕೂ ಒಂದು ನಂಬರ್ ಬೇಕು, ಒಂದು ಫಲಕ ಬೇಕು. ನಮ್ಮ ರಿಜಿಸ್ಟರಿನಲ್ಲಿ ಒಂದನೇ ನಂಬರ್ ವಾಡೆಯದೇ.

ಮಾಳಿಗೆಯಿಂದ ಶುರು ಮಾಡಿದೆವು. ಮೇಲೆ ಸೋರುತ್ತಿದ್ದರೆ ಕೆಳಗೆ ಏನು ಇಟ್ಟರೂ ವ್ಯರ್ಥ. ನಮ್ಮ ಕಡೆಯ ಮಾಳಿಗೆ ಮನೆ ಹೇಗಿರುತ್ತದೆ ಎಂದು ಗೊತ್ತಿರುವವರಿಗೆ ಗೊತ್ತು. ತೊಲೆ, ಅದರ ಮೇಲೆ ಜಂತಿ, ಹಲಗೆ. ಹಲಗೆಯ ಮೇಲೆ ತೊಗರಿ ಕಟ್ಟಿಗೆ, ಬೇವಿನ ತಪ್ಪಲು. ಅದರ ಮೇಲೆ ಮಣ್ಣು. ಮಳೆಗಾಲದ ಮುಂಚೆ ಮೇಲೆ ಹತ್ತಿ ಹಾಳುಮಣ್ಣು ಹಾಕಿ ತುಳಿಯುವುದು ವಾಡಿಕೆ. ಪ್ರತಿ ವರ್ಷ ಹೊಸದು ಹಾಕಿದರು, ಹಳೆಯದನ್ನು ತೆಗೆಯಲಿಲ್ಲ. ಮಣ್ಣು ಮೊಣಕಾಲುದ್ದ ಬೆಳೆದಿತ್ತು. ಆ ಭಾರಕ್ಕೆ ತೊಲೆಗಳು ಬಾಗಿದ್ದವು. ಗೌಂಡಿ ಕಾಕಾ ಕೆಳಗಿನಿಂದ ನೋಡಿ, "ಮನಿ ಸೋರಾಕತ್ತಿಲ್ರಿ, ದಣದದ" ಎಂದರು.

ಹೆಚ್ಚಿನ ಮಣ್ಣು ಇಳಿಸಲೇಬೇಕಿತ್ತು. ಬುಟ್ಟಿಯಲ್ಲಿ ತುಂಬಿ ಹೊರಗೆ ಸುರಿದರೆ ಒಂದೆರಡು ದಿನದ ಕೆಲಸ. ನಾವು ಹಾಗೆ ಮಾಡಲಿಲ್ಲ. ಹಾಳುಮಣ್ಣು ಎಂದರೆ ಹಾಳೂರಿನ ಮಣ್ಣು. ಜನ ಬಿಟ್ಟುಹೋದ ಹಳೆಯ ಊರಿನ ದಿಬ್ಬ ಅಗೆದು ತಂದದ್ದು. ಬಿಳಿಚಾಗಿರುತ್ತದೆ, ನೀರನ್ನು ಬೇಗ ಒಳಗೆ ಬಿಡುವುದಿಲ್ಲ. ಹಳೆಯ ಊರಿನ ಮಣ್ಣು ಬಂದ ಮೇಲೆ ಆ ಊರಿನ ಸಾಮಾನೂ ಜೊತೆಗೆ ಬಂದಿರಲೇಬೇಕು. ಅದಕ್ಕೇ ಅಂಕಣಕ್ಕೆ, ಅಂದರೆ ಎರಡು ತೊಲೆಗಳ ನಡುವಿನ ಭಾಗಕ್ಕೆ, ಒಂದು ನಂಬರ್ ಕೊಟ್ಟು, ಒಂದೊಂದೇ ಅಂಕಣದ ಮಣ್ಣು ಇಳಿಸಿ, ಜರಡಿ ಹಿಡಿದೆವು. ಮಡಕೆ ಚೂರುಗಳು ಬಂದವು. ಮಣಿ ಬಂದವು, ಬಳೆ ತುಂಡು ಬಂದವು, ಎಲುಬು ಬಂದವು. ಮಡಕೆಗಳಲ್ಲಿ ಕೆಲವು ಒಳಗೆ ಮತ್ತು ಬಾಯಂಚಿನಲ್ಲಿ ಕಪ್ಪು, ಹೊರಗೆ ಕೆಳಭಾಗ ಕೆಂಪು. ಬೃಹತ್ ಶಿಲಾಯುಗದ ಗೋರಿಗಳಲ್ಲಿ ಸಿಗುವ ಕಪ್ಪು-ಕೆಂಪು ಮಡಕೆಯ ಬಗೆ ಇದು. ವಿದ್ಯಾರ್ಥಿಗಳಿಗೆ ಎಷ್ಟು ಹೇಳಿದರೂ ಬಾರದ ಆಸಕ್ತಿ ಆ ಜರಡಿಯ ಮುಂದೆ ಬಂತು.

ಪ್ರತಿ ಚೂರಿನ ಚೀಟಿಯಲ್ಲಿ 'ಮಾಳಿಗೆ ಮಣ್ಣು, ಇಂಥ ಅಂಕಣ' ಎಂದಷ್ಟೇ ಬರೆದೆವು. ಯಾವ ದಿಬ್ಬದಿಂದ ಬಂದ ಮಣ್ಣು ಎಂದು ಊಹಿಸಿ ಬರೆಯಲಿಲ್ಲ. ಕಂಡದ್ದನ್ನೆಲ್ಲ ಪಟ್ಟಿ ಮಾಡಿ ಪುರಾತತ್ವ ಇಲಾಖೆಗೆ ಪತ್ರ ಬರೆದೆವು. ಈಗ ಆ ಚೂರುಗಳಿಗೆ ಒಂದು ಗೂಡು ಇದೆ. ಊರಿನವರು ಬಂದರೆ ಅಲ್ಲೇ ಜಾಸ್ತಿ ಹೊತ್ತು ನಿಲ್ಲುತ್ತಾರೆ. ತಮ್ಮ ತಲೆಯ ಮೇಲೂ ಇಂಥದ್ದೇ ಇದೆ ಎಂದು ಅವರಿಗೆ ಆಗ ಹೊಳೆಯುತ್ತದೆ. ಅಲ್ಲೇ ಬೂದಿ ದಿಬ್ಬದ ಮಾತನ್ನೂ ತೆಗೆಯುತ್ತೇವೆ. ಇದೇ ಸೀಮೆಯ ಬೂದಿಹಾಳದಲ್ಲಿ ನವಶಿಲಾಯುಗದ ದನಗಾಹಿಗಳ ಬೂದಿ ದಿಬ್ಬವಿದೆ. ದನದ ದೊಡ್ಡಿಯ ಸಗಣಿ ಗುಡ್ಡೆಗೆ ಬೆಂಕಿ ಬಿದ್ದು ಆದ ಬೂದಿ ಅದು. ಪುರಾತತ್ವಜ್ಞ ಕೆ. ಪದ್ದಯ್ಯ ಅವರು ಅಗೆದು ಅಭ್ಯಾಸ ಮಾಡಿದ ಜಾಗ. ಇಂಥ ದಿಬ್ಬಗಳ ಬೂದಿಯನ್ನು ಗೊಬ್ಬರವೆಂದು ಬಂಡಿಗಟ್ಟಲೆ ಹೊಲಕ್ಕೆ ಹೊಡೆದದ್ದುಂಟು. ಈ ಮಾತು ಕೇಳಿದ ಮೇಲೆ ರೈತರು ತಾವಾಗಿಯೇ, "ನಮ್ಮ ಹೊಲದ ಬದಿಗೂ ಒಂದು ಅದರಿ" ಎನ್ನುತ್ತಾರೆ.

ಮಾಳಿಗೆಗೆ ಮತ್ತೆ ಅದೇ ಮಣ್ಣು ಹಾಕಿದೆವು, ಆದರೆ ತೆಳ್ಳಗೆ. ಇಳಿಜಾರು ಸರಿ ಮಾಡಿದೆವು. ಮಳೆನೀರು ಹೊರಗೆ ಹೋಗುವ, ಕಟ್ಟಿಕೊಂಡಿದ್ದ ಕಲ್ಲಿನ ದೋಣಿಗಳನ್ನು ಬಿಡಿಸಿದೆವು. ಸಿಮೆಂಟ್ ಸ್ಲ್ಯಾಬ್ ಹಾಕಿ ಎಂದು ಸಲಹೆ ಕೊಟ್ಟವರು ಬಹಳ ಜನ. ಸ್ಲ್ಯಾಬ್ ಹಾಕಿದರೆ ಆ ಭಾರ ಹೊರುವುದು ಮಣ್ಣಿನಲ್ಲಿ ಕಟ್ಟಿದ ಗೋಡೆ. ಒಮ್ಮೆ ಹಾಕಿದ ಮೇಲೆ ತೆಗೆಯುವುದೂ ಆಗದು.

ಗೋಡೆಯಲ್ಲಿ ಸಿಮೆಂಟಿನ ತೊಂದರೆ ಕಣ್ಣಿಗೇ ಕಾಣುತ್ತಿತ್ತು. ಹಿಂದೆ ಯಾರೋ ಸೊಂಟದ ಎತ್ತರಕ್ಕೆ ಸಿಮೆಂಟ್ ಗಿಲಾವು ಮಾಡಿಸಿದ್ದರು. ನೆಲದ ತೇವ ಗೋಡೆಯೊಳಗೆ ಏರುತ್ತದೆ. ಸುಣ್ಣದ ಗಾರೆಯಿದ್ದರೆ ಆ ತೇವ ಹೊರಗೆ ಹೋಗುತ್ತದೆ. ಸಿಮೆಂಟ್ ಅದನ್ನು ಬಿಡುವುದಿಲ್ಲ. ತೇವ ಇನ್ನೂ ಮೇಲಕ್ಕೆ ಹತ್ತಿ, ಸಿಮೆಂಟ್ ಮುಗಿದ ಜಾಗದಲ್ಲಿ ಹೊರಗೆ ಬರುತ್ತದೆ. ನೀರು ಆರಿ ಉಪ್ಪು ಉಳಿಯುತ್ತದೆ. ಉಪ್ಪು ಹರಳುಗಟ್ಟುವಾಗ ಗಾರೆಯನ್ನೂ ಕಲ್ಲಿನ ಮೈಯನ್ನೂ ಒಡೆಯುತ್ತದೆ. ಸಣ್ಣ ಉಳಿಯಿಂದ ಸಿಮೆಂಟ್ ತೆಗೆದು, ಒಂದು ಬೇಸಿಗೆ ಗೋಡೆಯನ್ನು ಬರಿಮೈಯಲ್ಲೇ ಆರಲು ಬಿಟ್ಟೆವು. ಉಪ್ಪನ್ನು ಒಣ ಬ್ರಷ್‌ನಿಂದಲೇ ತೆಗೆಯಬೇಕು. ನೀರು ಹಾಕಿ ತೊಳೆದರೆ ಅದು ಮತ್ತೆ ಒಳಗೇ ಹೋಗುತ್ತದೆ.

ಗಚ್ಚು ಮಾಡಿದ್ದು ಗೌಂಡಿ ಕಾಕಾ. ಸುಣ್ಣವನ್ನು ಗುಂಡಿಯಲ್ಲಿ ವಾರಗಟ್ಟಲೆ ನೆನೆಸಿ, ಮರಳು ಸೇರಿಸಿ, ಬೆಲ್ಲದ ನೀರು ಹಾಕಿ ಅರೆದರು. ಸುಣ್ಣದ ಗಾಣ ಸುತ್ತಮುತ್ತ ಎಲ್ಲೂ ಉಳಿದಿರಲಿಲ್ಲ. ವಾಡೆಯ ಹಿತ್ತಲಲ್ಲಿ ಗಾಣದ ಕಲ್ಲಿನ ಗಾಲಿ ಮಾತ್ರ ಬಿದ್ದಿತ್ತು. ಬಡಿಗ ಅದಕ್ಕೆ ಹೊಸ ಮರ ಕೂಡಿಸಿದರು. ಒಂದು ಜೋಡಿ ಎತ್ತು ಕಟ್ಟಿ ತಿರುಗಿಸಿದೆವು. ಮೊದಲು ಹಿತ್ತಲ ಗೋಡೆಯ ಒಂದು ಮೂಲೆಗೆ ಮಾತ್ರ ಹಚ್ಚಿ, ಒಂದು ಮಳೆಗಾಲ ಕಳೆಯಲು ಬಿಟ್ಟೆವು. ಅದು ನಿಂತ ಮೇಲೆ ಒಳಗೆ ಬಂದೆವು. ಆತುರ ಇರುವವರಿಗೆ ಸುಣ್ಣದ ಕೆಲಸ ಒಗ್ಗುವುದಿಲ್ಲ.

ಇನ್ನು ಮೊಳೆಯ ಮಾತು. ಫೋಟೊ, ಫಲಕ, ವೈರು ಎಲ್ಲಕ್ಕೂ ಗೋಡೆ ಬೇಕು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನಾವು ಕಬ್ಬಿಣದ ಚೌಕಟ್ಟುಗಳನ್ನು ಮಾಡಿಸಿದೆವು. ತಾವಾಗಿ ನಿಲ್ಲುತ್ತವೆ. ಪಾದಗಳಿಗೆ ದಪ್ಪ ಉಣ್ಣೆ ಬಟ್ಟೆ ಕಟ್ಟಿದ್ದೇವೆ, ಶಹಾಬಾದ್ ಕಲ್ಲಿನ ನೆಲಕ್ಕೆ ಗೀರು ಬೀಳುವುದಿಲ್ಲ. ವೈರು ಆ ಚೌಕಟ್ಟಿನೊಳಗೇ ಹೋಗುತ್ತದೆ. ಗಾಜಿನ ಪೆಟ್ಟಿಗೆಗಳು ಗೋಡೆಯಿಂದ ಒಂದು ಗೇಣು ದೂರ ನಿಂತಿವೆ. ಹಿಂದೆ ಗಾಳಿ ಆಡುತ್ತದೆ, ಗೆದ್ದಲು ಬಂದರೆ ಬೇಗ ಕಾಣುತ್ತದೆ. ಇಡೀ ಮ್ಯೂಸಿಯಂ ಬಿಚ್ಚಿ ಲಾರಿಗೆ ಹಾಕಿದರೆ ವಾಡೆ ಮೊದಲಿದ್ದಂತೆಯೇ ಇರುತ್ತದೆ.

ನಮ್ಮ ಬಿಸಿಲು ಗೊತ್ತಲ್ಲ, ಮೇ ತಿಂಗಳಲ್ಲಿ 42-43 ಡಿಗ್ರಿ. ದಪ್ಪ ಗೋಡೆಯ ವಾಡೆಗೆ ಏಸಿ ಬೇಕಿಲ್ಲ. ಹಗಲು ಕಿಟಕಿ ಮುಚ್ಚಿ, ಸಂಜೆ ತೆರೆದರೆ ಸಾಕು. ಬೆಳಕು ಮಾತ್ರ ಕಷ್ಟ. ಬೆಳಕಿಂಡಿಯಿಂದ ಬೀಳುವ ಬಿಸಿಲು ನೋಡಲು ಚೆಂದ, ಆದರೆ ಬಟ್ಟೆಯ ಬಣ್ಣ ಅದರಿಂದಲೇ ಹೋಗುತ್ತದೆ, ಹೋದದ್ದು ಮರಳುವುದಿಲ್ಲ. ಬಟ್ಟೆ, ಕಾಗದಕ್ಕೆ 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕನ್ನು ಅಳೆಯುವ ಮಾನ) ಜಾಸ್ತಿ ಬೆಳಕು ಬೀಳಬಾರದು ಎನ್ನುವುದು ಮ್ಯೂಸಿಯಂಗಳ ಅಳತೆ. ಅದಕ್ಕೇ ಬಟ್ಟೆಗಳನ್ನು ಒಳಕೋಣೆಯಲ್ಲಿ ಇಟ್ಟಿದ್ದೇವೆ. ಕೆಲವು ತಿಂಗಳಿಗೊಮ್ಮೆ ಅವನ್ನು ಒಳಗಿಟ್ಟು ಬೇರೆಯದನ್ನು ಹಾಕುತ್ತೇವೆ. ಕಲ್ಲು, ಮಡಕೆ, ಕಬ್ಬಿಣದ ಸಾಮಾನು ಪಡಸಾಲೆಯಲ್ಲಿವೆ.

ಏನನ್ನು ತೆಗೆದುಕೊಳ್ಳಬೇಕು, ಏನನ್ನು ಬೇಡ ಎನ್ನಬೇಕು ಎಂಬುದು ಇದೆಲ್ಲಕ್ಕಿಂತ ದೊಡ್ಡ ಪ್ರಶ್ನೆ. ಕಾನೂನು ಮೊದಲು ತಿಳಿದಿರಬೇಕು. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ 100 ವರ್ಷ ದಾಟಿದ ಮೂರ್ತಿ, ಚಿತ್ರದಂಥವು ಪ್ರಾಚ್ಯವಸ್ತು. ಹಸ್ತಪ್ರತಿಗೆ 75 ವರ್ಷ. ಮೂರ್ತಿ, ಚಿತ್ರ, ಹಸ್ತಪ್ರತಿಯಂಥವು ಖಾಸಗಿಯವರ ಬಳಿ ಇದ್ದರೆ ನೋಂದಾಯಿಸಬೇಕು. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು. ಊರಿನವರು ಪ್ರೀತಿಯಿಂದ ಹೊಲದಲ್ಲಿ ಸಿಕ್ಕ ಮೂರ್ತಿ ತಂದು ಬಾಗಿಲಲ್ಲಿ ಇಡುತ್ತಾರೆ. ತೆಗೆದುಕೊಂಡು ಸುಮ್ನೆ ಇಟ್ಟುಕೊಳ್ಳುವುದಿಲ್ಲ. ಅವರ ಜೊತೆ ಹೊಲಕ್ಕೆ ಹೋಗಿ, ಸಿಕ್ಕ ಜಾಗದ ಫೋಟೊ ತೆಗೆದು, ತಹಶೀಲ್ದಾರ್ ಕಚೇರಿಗೆ ಬರೆದು ಕೊಡುತ್ತೇವೆ.

ವೀರಗಲ್ಲುಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಊರ ಅಗಸಿಯಲ್ಲಿ, ಹನುಮಪ್ಪನ ಗುಡಿಯ ಮುಂದೆ ಇರುವ ವೀರಗಲ್ಲಿಗೆ ಜನ ಎಣ್ಣೆ ಹಚ್ಚುತ್ತಾರೆ, ಕಾಯಿ ಒಡೆಯುತ್ತಾರೆ. ಅದು ಅಲ್ಲೇ ಇರಲಿ. ಮ್ಯೂಸಿಯಂನಲ್ಲಿ ಅದರ ಫೋಟೊ, ಅಳತೆ, ದಾರಿ ತೋರಿಸುವ ನಕ್ಷೆ ಸಾಕು. ಪೇಂಟ್ ಬಳಿಯಬೇಡಿ ಎಂದು ಮಾತ್ರ ಕೇಳಿಕೊಳ್ಳುತ್ತೇವೆ. ಪೇಂಟ್ ತೆಗೆಯಲು ಹೋದರೆ ಕೆತ್ತನೆಯೂ ಹೋಗುತ್ತದೆ.

ಜನಜೀವನದ ವಸ್ತುಗಳು ತುಂಬಾ ಬಂದವು. ಕೂರಿಗೆ, ಕುಂಟೆ, ರಂಟೆ, ಬಾರಕೋಲು, ಮಿಣಿ, ಬೀಸುಕಲ್ಲು, ಸೇರು, ಪಾವು. ಟ್ರ್ಯಾಕ್ಟರ್ ಬಂದ ಮೇಲೆ ಇವು ಅಟ್ಟ ಸೇರಿದ್ದವು. ವಸ್ತುವಿನ ಜೊತೆ ಅದರ ಮಾತು ಬರದಿದ್ದರೆ ನಾವು ತೆಗೆದುಕೊಳ್ಳುವುದಿಲ್ಲ. ಯಾರು ಮಾಡಿದರು, ಯಾವ ಹೊಲದಲ್ಲಿ ಓಡಿತು, ಯಾಕೆ ಬಿಟ್ಟರು? ಕೊಟ್ಟವರೇ ಅದನ್ನು ಹಿಡಿದು ಕೆಲಸ ಮಾಡಿ ತೋರಿಸುವ ವಿಡಿಯೋ ಬೇಕು. ಒಬ್ಬ ಮುತ್ಯಾ ಕೂರಿಗೆಯ ಬಟ್ಟಲಿಗೆ ಜೋಳದ ಕಾಳು ಬಿಡುವ ಕೈಯ ಲಯವನ್ನು ತೋರಿಸಿದರು. ಬೆರಳ ಸಂದಿಯಿಂದ ಕಾಳು ಒಂದೇ ಸಮ ಬೀಳುತ್ತಿತ್ತು. ಆ ವಿಡಿಯೋ ಇಲ್ಲದೆ ಆ ಕೂರಿಗೆ ಒಂದು ಮರದ ತುಂಡು.

ಕೌದಿ, ಅಂದರೆ ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊಲಿದ ಹೊದಿಕೆ, ಕೇಳಲು ಹೋದಾಗ ಒಬ್ಬ ಆಯಿ, "ಈ ಹರಕ ಕೌದಿ ಯಾಕ್ರಿ ಸರ, ಹೊಸಾದು ಕೊಡ್ತೀನಿ ತಗೋರಿ" ಎಂದರು. "ಆಯಿ, ನಮಗ ಹರಕದ್ದೇ ಬೇಕು. ಇದರಾಗ ಯಾರ್ಯಾರ ಸೀರಿ ಅದಾವ, ಅದನ್ನ ಹೇಳ್ರಿ" ಎಂದೆ. ಅವರು ತುಂಡು ತುಂಡಿಗೂ ಬೆರಳಿಟ್ಟು ಹೇಳುತ್ತ ಹೋದರು. ಇದು ಅತ್ತೆಯ ಇಳಕಲ್ ಸೀರೆ, ಇದು ಮಗಳ ಲಂಗ, ಇದು ಗಂಡನ ರುಮಾಲು. ವಿದ್ಯಾರ್ಥಿನಿಯೊಬ್ಬಳು ಕೌದಿಯ ಚಿತ್ರ ಬರೆದು, ಪ್ರತಿ ತುಂಡಿಗೂ ನಂಬರ್ ಹಾಕಿ ಆಯಿ ಹೇಳಿದ್ದನ್ನು ಬರೆದುಕೊಂಡಳು. ಫಲಕದಲ್ಲಿ ಇರುವುದು ಆಯಿಯ ಮಾತೇ. ಲಂಬಾಣಿ ತಾಂಡಾದ ಹೆಣ್ಣುಮಕ್ಕಳು ತಮ್ಮ ಬಟ್ಟೆಗಳನ್ನು ತಾವೇ ಜೋಡಿಸಿದರು. ಪೂರ್ತಿಯಾದ ಉಡುಪಿನ ಪಕ್ಕದಲ್ಲಿ ಅರ್ಧ ಹೊಲಿದು ಸೂಜಿ ಚುಚ್ಚಿಟ್ಟ ತುಂಡೊಂದನ್ನು ಇಟ್ಟರು. ಹೇಗೆ ಹೊಲಿಯುತ್ತೇವೆ ಎಂದು ಕಾಣಬೇಕು ಎಂದರು. ನನಗೆ ಆ ಯೋಚನೆ ಬಂದಿರಲಿಲ್ಲ.

ಹಳೆಯ ಬಟ್ಟೆಯ ಜೊತೆ ಹುಳ ಬರುತ್ತದೆ. ನುಸಿಗುಳಿಗೆ, ಔಷಧಿ ಪುಡಿ ಹಾಕಬೇಡಿ. ಬಟ್ಟೆಗೂ ಕೆಟ್ಟದ್ದು, ನಮ್ಮ ಉಸಿರಿಗೂ ಕೆಟ್ಟದ್ದು. ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ತೆಗೆದು, ಟೇಪಿನಿಂದ ಮುಚ್ಚಿ, ಡೀಪ್ ಫ್ರೀಜರಿನಲ್ಲಿ ಇಡುವುದು ಒಳ್ಳೆಯ ದಾರಿ. ಮೈನಸ್ 18ರಿಂದ 20 ಡಿಗ್ರಿ, ಎರಡು ವಾರ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು. ತಣ್ಣನೆಯ ಬಟ್ಟೆಯ ಮೇಲೆ ನೀರು ಕೂರುತ್ತದೆ. ಐಸ್‌ಕ್ರೀಮ್ ಅಂಗಡಿಯವರ ಹಳೆಯ ಫ್ರೀಜರ್ ಅಗ್ಗಕ್ಕೆ ಸಿಕ್ಕಿತು. ಕನ್ನಡಿ, ಲೋಹ ಇರುವ ಲಂಬಾಣಿ ಬಟ್ಟೆಗಳನ್ನು ಮಾತ್ರ ಅದರಲ್ಲಿ ಹಾಕಲಿಲ್ಲ. ಅವನ್ನು ಕೈಯಿಂದಲೇ ಹುಡುಕಿ, ಮೆತ್ತನೆಯ ಬ್ರಷ್‌ನಿಂದ ಸ್ವಚ್ಛ ಮಾಡಿ, ಬೇರೆ ಕೋಣೆಯಲ್ಲಿ ಇಟ್ಟು ನೋಡುತ್ತಿದ್ದೆವು.

ನಂಬರ್ ಬರೆಯುವಾಗಲೂ ಅದೇ ನಿಯಮ. ವೈಟ್ನರ್, ಉಗುರುಬಣ್ಣ, ಆಯಿಲ್ ಪೇಂಟ್ ಬೇಡ. ಕಲ್ಲು, ಮಡಕೆಗೆ ಪ್ಯಾರಲಾಯ್ಡ್ ಬಿ-72 ಎಂಬ ರಾಳವನ್ನು ಅಸಿಟೋನ್‌ನಲ್ಲಿ ಕರಗಿಸಿ, ಕಾಣದ ಮಗ್ಗುಲಲ್ಲಿ ಒಂದು ತೆಳು ಪಟ್ಟಿ ಹಚ್ಚುತ್ತೇವೆ. ಆರಿದ ಮೇಲೆ ಅದರ ಮೇಲೆ ಶಾಯಿಯಿಂದ ನಂಬರ್. ಮೇಲೆ ಇನ್ನೊಂದು ತೆಳು ಪದರ. ಬೇಡವಾದರೆ ಅಸಿಟೋನ್ ಹಚ್ಚಿ ಒರೆಸಿದರೆ ಹೋಗುತ್ತದೆ. ಬಟ್ಟೆಗೆ ಹತ್ತಿಯ ಲಾಡಿಯಲ್ಲಿ ನಂಬರ್ ಬರೆದು ನಾಲ್ಕು ಹೊಲಿಗೆ ಹಾಕುತ್ತೇವೆ. ದೊಡ್ಡ ಮ್ಯೂಸಿಯಂಗಳಲ್ಲಿ 'ಜತನ್' ಎಂಬ ಸಾಫ್ಟ್‌ವೇರ್ ಇದೆ. ನಮಗೆ ಗಟ್ಟಿ ರಟ್ಟಿನ ಎರಡು ರಿಜಿಸ್ಟರ್ ಸಾಕು. ಒಂದು ವಾಡೆಯಲ್ಲಿ, ಒಂದು ಕಾಲೇಜಿನಲ್ಲಿ.

ಒಂದೇ ಕಡೆ ನಾವು ಅಳಿಸಲಾಗದ ಗುರುತು ಹಾಕುತ್ತೇವೆ. ಅದು ನಾವೇ ಮಾಡಿದ ಕಲ್ಲಿನ ಆಯುಧಗಳಿಗೆ. ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಹತ್ತು ಲಕ್ಷ ವರ್ಷಕ್ಕೂ ಹಿಂದೆ ಆದಿಮಾನವರು ಸುಣ್ಣಕಲ್ಲಿನ ಹಲಗೆಗಳನ್ನು ಒಡೆದು ಕೈಗೊಡಲಿ ಮಾಡುತ್ತಿದ್ದರು. ಕಲ್ಲು ಸಿಗುವ ಜಾಗವೂ ಅದೇ, ಆಯುಧ ಮಾಡುವ ಜಾಗವೂ ಅದೇ. ಅಲ್ಲಿಂದ ಒಂದು ಚಕ್ಕೆಯನ್ನೂ ತರಬಾರದು ಎಂದು ವಿದ್ಯಾರ್ಥಿಗಳಿಗೆ ಕಟ್ಟುನಿಟ್ಟಾಗಿ ಹೇಳಿದ್ದೇನೆ. ಬದಲಿಗೆ ಅಂಗಡಿಯಲ್ಲಿ ಕೊಂಡ ಕಲ್ಲನ್ನು ವಾಡೆಯ ಅಂಗಳದಲ್ಲಿ ಒಡೆದು ಮಾಡಲು ಕಲಿತರು. ಕಣ್ಣಿಗೆ ಕನ್ನಡಕ, ತೊಡೆಯ ಮೇಲೆ ದಪ್ಪ ಚರ್ಮ. ಕೆಳಗೆ ತಾಡಪತ್ರಿ ಹಾಸಿರಲೇಬೇಕು. ಬಿದ್ದ ಚೂರುಗಳನ್ನೆಲ್ಲ ಕೂಡಿಸಿ ಚೀಲಕ್ಕೆ ಹಾಕುತ್ತೇವೆ. ಇಲ್ಲದಿದ್ದರೆ ಮುಂದೊಂದು ದಿನ ಯಾರೋ ಅಂಗಳದಲ್ಲಿ ಅವನ್ನು ಕಂಡು ಇಲ್ಲೊಂದು ಹಳೆಯ ನೆಲೆ ಇತ್ತು ಎಂದುಕೊಂಡಾರು. ಮಾಡಿದ ಕೈಗೊಡಲಿಯ ಮೇಲೆ ಇಸವಿ ಕೆತ್ತುತ್ತೇವೆ. ಮಕ್ಕಳು ಅದನ್ನು ಕೈಯಲ್ಲಿ ಹಿಡಿದು ನೋಡಬಹುದು. ಒಂದು ಏಟು ತಪ್ಪಿದರೆ ಕಲ್ಲೇ ಹೋಗುತ್ತದೆ ಎಂದು ಗೊತ್ತಾದ ಮೇಲೆ ಅವರು ಇಸಾಂಪುರದವರ ಬಗ್ಗೆ ಮಾತಾಡುವ ರೀತಿಯೇ ಬೇರೆ.

ಅಂಗಳದ ಹಗೇವನ್ನೂ ಮುಚ್ಚಲಿಲ್ಲ. ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ ಅದು. ಹಿಂದಿನವರು ಬಾಯಿ ತೆರೆದು, ಗಾಳಿ ಆಡಲು ಬಿಟ್ಟು, ದೀಪ ಇಳಿಸಿ ನೋಡಿ ಆಮೇಲೆ ಇಳಿಯುತ್ತಿದ್ದರು. ಒಳಗೆ ಕೆಟ್ಟ ಗಾಳಿ ತುಂಬಿ ಜೀವ ಹೋದದ್ದುಂಟು. ಬಾಯಿಗೆ ಗಾಜು ಹಾಕಿದರೆ ಒಳಗೆ ತೇವ ಕಟ್ಟುತ್ತದೆ. ಅದಕ್ಕೇ ಕಬ್ಬಿಣದ ಜಾಳಿಗೆ ಇಟ್ಟು ಒಳಗೊಂದು ಸಣ್ಣ ದೀಪ ಇಳಿಬಿಟ್ಟಿದ್ದೇವೆ. ಯಾರನ್ನೂ ಇಳಿಸುವುದಿಲ್ಲ.

ಮೇಲಿನ ಅಂತಸ್ತು ಇನ್ನೂ ಬಂದವರಿಗೆ ತೆರೆದಿಲ್ಲ. ಜಂತಿಗಳನ್ನು ನೋಡಿದ ಎಂಜಿನಿಯರ್ ಒಮ್ಮೆಗೆ ಇಬ್ಬರಿಗಿಂತ ಜಾಸ್ತಿ ಬೇಡ ಎಂದಿದ್ದಾರೆ. ಜಂತಿಗೆ ಕಬ್ಬಿಣ ಕಟ್ಟಿ ಗಟ್ಟಿ ಮಾಡಬಹುದು. ಆದರೆ ಹಳೆಯ ಮರಕ್ಕೆ ತೂತು ಕೊರೆಯದೆ ಅದನ್ನು ಮಾಡುವ ದಾರಿ ಸಿಗುವ ತನಕ ಅಲ್ಲಿ ರಿಜಿಸ್ಟರ್ ಬರೆಯುವ ಮೇಜು ಮತ್ತು ಫ್ರೀಜರಿನಿಂದ ಬಂದ ಕೌದಿಗಳ ಪೆಟ್ಟಿಗೆ ಇರುತ್ತವೆ. ನಮ್ಮ ರಿಜಿಸ್ಟರಿನ ಖಾಲಿ ಹಾಳೆಯ ನಮೂನೆ, ವಸ್ತು ಕೊಡುವವರು ಸಹಿ ಹಾಕುವ ಪತ್ರ, ಗಚ್ಚಿನ ಅಳತೆ ಎಲ್ಲವನ್ನೂ ಬರೆದಿಟ್ಟಿದ್ದೇವೆ. ಊರಿನಲ್ಲಿ ವಾಡೆ ಇದ್ದು, ಕೆಲಸ ಶುರು ಮಾಡಬೇಕು ಎನ್ನುವವರು ಬಂದು ಬರೆದುಕೊಂಡು ಹೋಗಬಹುದು. ಮೃಗಶಿರಾ ಮಳೆಗೆ ಮುಂಚೆ ಬಂದರೆ ಮಾಳಿಗೆ ಹತ್ತಿ ಮಣ್ಣಿನ ಕೆಲಸವನ್ನೂ ನೋಡಬಹುದು.